ಕಿಟ್ಟೆಲರ ಗ್ರಂಥಸಂಪಾದನೆ: ಒಂದು ವಿಮರ್ಶೆ

೧

ರೆವರೆಂಡ್ ಫರ್ಡಿನಂಡ್ ಕಿಟ್ಟೆಲರ ಹೆಸರನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಅವರ ನಿಘಂಟು. ಬಾಸೆಲ್ ಮಿಷನ್ನಿನವರು ೧೮೯೪ರಲ್ಲಿ ಮಂಗಳೂರಿನಿಂದ ಹೊರತಂದ ಆ ಕನ್ನಡ–ಇಂಗ್ಲಿಷ್ ಕೋಶ ೧,೭೫೨ ಪುಟಗಳದು. ಸುಮಾರು ೭೦,೦೦೦ ಶಬ್ದಗಳನ್ನು ಒಳಗೊಂಡುದು. ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತಿರುವುದೂ ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ನಡೆಯುತ್ತಿರುವುದೂ ಮುಖ್ಯವಾಗಿ ಆ ಕೋಶದ ಋಣವನ್ನು ನೆನೆದೇ. ಇದು ಉಚಿತವೇ ಸರಿ. ಆದರೆ ಮರದ ಹರಹನ್ನು ನೋಡಿ ಬೆರಗಾದವರು ಬೇರನ್ನು ಮರೆಯುವಂತೆ, ಕೋಶವನ್ನು ಹೊಗಳುವ ಭರದಲ್ಲಿ ಅದಕ್ಕೆ ಆಧಾರವಾಗಿದ್ದ ಇನ್ನೊಂದು ಕಾರ್ಯವನ್ನು ನಾವು ಮರೆತಿದ್ದೇವೆ. ಕಿಟ್ಟೆಲರು ಕೋಶಕಾರರಾಗುವುದಕ್ಕೆ ಮೊದಲು ಗ್ರಂಥಸಂಪಾದಕರಾಗಿದ್ದರು. ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿಯೂ ಅವರು ಸಂಪಾದಿಸಿ ಪ್ರಕಟಿಸಿದರು.

ಈ ಎರಡು ಸಂಪಾದನೆಗಳ ಬೆಲೆಯೇನು, ಅವು ಮುಂದಿನ ಕನ್ನಡ ವಿದ್ವತ್ತಿಗೆ ಯಾವ ದಾರಿಯನ್ನು ತೋರಿದುವು, ಆ ದಾರಿಯಲ್ಲಿ ಯಾವ ಅಪಾಯಗಳು ಅಡಗಿದ್ದುವು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಕಿಟ್ಟೆಲರನ್ನು ಕುರಿತ ಬರಹಗಳಲ್ಲಿ ಎರಡು ಬಗೆಯವು ಹೆಚ್ಚು. ಒಂದು ಬಗೆಯವು ಪರದೇಶದಿಂದ ಬಂದು ನಮ್ಮ ನುಡಿಗೆ ದುಡಿದ ಮಹನೀಯರೆಂದು ಕೈಮುಗಿದು ಮುಗಿಸುವುವು; ಮತ್ತೊಂದು ಬಗೆಯವು ಪಾದ್ರಿಗಳ ಉದ್ದೇಶ ಧರ್ಮಪ್ರಸಾರವಷ್ಟೇ ಎಂದು ತಳ್ಳಿಹಾಕುವುವು. ಇವೆರಡೂ ಗ್ರಂಥವನ್ನು ಬಿಟ್ಟು ಮನುಷ್ಯನನ್ನು ನೋಡುವ ದೃಷ್ಟಿಗಳು. ಸಂಪಾದಕನನ್ನು ಅಳೆಯುವ ಕೋಲು ಅವನ ಪಾಠವೇ ಹೊರತು ಅವನ ಊರಾಗಲಿ ಮತವಾಗಲಿ ಅಲ್ಲ.

೨

ಕಿಟ್ಟೆಲರು ಹುಟ್ಟಿದುದು ೧೮೩೨ರಲ್ಲಿ, ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್ಲೆಂಡಿನ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆ ಪಾದ್ರಿ. ೧೮೫೦ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿ, ೧೮೫೩ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಮುಂತಾದ ಕಡೆಗಳಲ್ಲಿ ನೆಲಸಿದ್ದರು. ೧೮೬೨ರಲ್ಲಿ ಪ್ರಕಟವಾದ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿದರು. ಛಂದಶ್ಶಾಸ್ತ್ರವನ್ನು ಸಂಪಾದಿಸುವ ಮೊದಲೇ ಆ ಛಂದಸ್ಸನ್ನು ಕೈಯಾರ ಕಟ್ಟಿನೋಡಿದ್ದರೆಂಬುದು ಇಲ್ಲಿ ಗಮನಾರ್ಹ. ನಡುವೆ ಕೆಲವು ವರ್ಷ ಸ್ವದೇಶದಲ್ಲಿದ್ದು, ಮರಳಿ ಬಂದು ಕೋಶಕಾರ್ಯವನ್ನು ಮುಂದುವರಿಸಿ, ೧೮೯೨ರಲ್ಲಿ ಕೊನೆಯದಾಗಿ ಜರ್ಮನಿಗೆ ತೆರಳಿದರು. ೧೮೯೬ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ೧೯೦೩ರಲ್ಲಿ, ಅವರ ಕನ್ನಡ ವ್ಯಾಕರಣ ಹೊರಬಂದ ವರ್ಷದಲ್ಲಿಯೇ, ಅದೇ ಟ್ಯೂಬಿಂಗನ್ ನಗರದಲ್ಲಿ ತೀರಿಕೊಂಡರು.

ಕಿಟ್ಟೆಲರು ಬರುವ ವೇಳೆಗೆ ಕನ್ನಡ ಗ್ರಂಥಮುದ್ರಣಕ್ಕೆ ಒಂದು ಅಡಿಪಾಯ ಬಿದ್ದಿತ್ತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗರು ೧೮೪೮ರಿಂದ ೧೮೫೩ರ ವರೆಗೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಹೊರತಂದಿದ್ದರು. ಆ ಮಾಲೆಗೆ ಹಣವನ್ನೊದಗಿಸಿದವರು ಮದರಾಸು ಸಿವಿಲ್ ಸೇವೆಯಿಂದ ನಿವೃತ್ತರಾಗಿದ್ದ ಕಾಸಮೇಜರ್ ಎಂಬವರು. ಹಳೆಯ ಕನ್ನಡ ಕಾವ್ಯಗಳ ಮೊದಲ ಮುದ್ರಿತ ಮಾಲೆಗೆ ಮದರಾಸು ಅಧಿಕಾರಿಯೊಬ್ಬರ ಕೈ ಸೋಂಕಿತ್ತೆಂಬುದು ಈ ನಗರದ ಕನ್ನಡಿಗರು ನೆನಪಿನಲ್ಲಿಡತಕ್ಕ ಸಂಗತಿ.

ಮೋಗ್ಲಿಂಗರ ಕಾರ್ಯಕ್ಕೂ ಕಿಟ್ಟೆಲರ ಕಾರ್ಯಕ್ಕೂ ಒಂದು ಮುಖ್ಯ ಭೇದವುಂಟು. ಮೋಗ್ಲಿಂಗರು ಆರಿಸಿಕೊಂಡುದು ಜನರ ಬಾಯಲ್ಲಿ ಇನ್ನೂ ಜೀವಂತವಾಗಿದ್ದ ಗ್ರಂಥಗಳನ್ನು. ಜೈಮಿನಿಭಾರತವನ್ನು ಊರೂರಿನಲ್ಲಿ ವಾಚಿಸುತ್ತಿದ್ದರು. ದಾಸರ ಪದಗಳನ್ನು ಮನೆಮನೆಯಲ್ಲಿ ಹಾಡುತ್ತಿದ್ದರು. ಕಿಟ್ಟೆಲರು ಕೈಹಾಕಿದುದಾದರೋ ಪಂಡಿತರಲ್ಲಿಯೂ ಕೆಲವರಿಗೆ ಮಾತ್ರ ನಿಲುಕುತ್ತಿದ್ದ ಹಳಗನ್ನಡದ ಶಾಸ್ತ್ರಗ್ರಂಥಗಳಿಗೆ. ಅಲ್ಲಿ ತಪ್ಪನ್ನು ತಿದ್ದಲು ವಾಚಕರ ಕಿವಿಯ ನೆರವಿಲ್ಲ. ಹಲವು ಓಲೆಪ್ರತಿಗಳನ್ನು ಕೂಡಿಸಿ ನೋಡಿ, ಶಾಸ್ತ್ರದ ಒಳಗಿನ ಸಾಕ್ಷ್ಯದಿಂದಲೇ ಪಾಠವನ್ನು ನಿರ್ಣಯಿಸಬೇಕು.

೩

ಶಬ್ದಮಣಿದರ್ಪಣ ಸುಮಾರು ೧೨೬೦ರ ಗ್ರಂಥ. ಕೇಶಿರಾಜನು ಸೂಕ್ತಿಸುಧಾರ್ಣವವೆಂಬ ಸಂಕಲನವನ್ನು ಮಾಡಿದ ಮಲ್ಲಿಕಾರ್ಜುನನ ಮಗ. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳಲ್ಲಿ, ಕಂದಪದ್ಯಗಳಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಿಂದ ವಿವರಿಸಿ, ಪೂರ್ವಕವಿಗಳ ಪ್ರಯೋಗಗಳಿಂದ ಸಮರ್ಥಿಸುವುದು ಅವನ ಕ್ರಮ. ತನಗೆ ಲಕ್ಷ್ಯವಾದ ಕವಿಗಳನ್ನು ಅವನೇ ಹೆಸರಿಸಿದ್ದಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ.

ಇವರಲ್ಲಿ ಎಷ್ಟು ಮಂದಿಯ ಕಾವ್ಯಗಳು ೧೮೭೨ರಲ್ಲಿ ಅಚ್ಚಿನಲ್ಲಿ ದೊರೆಯುತ್ತಿದ್ದುವು? ಪಂಪಭಾರತವನ್ನು ಬಿ. ಎಲ್. ರೈಸರು ಪ್ರಕಟಿಸಿದುದು ೧೮೯೮ರಲ್ಲಿ. ಶ್ರೀವಿಜಯನ ಹೆಸರಿನೊಡನೆ ಕೂಡಿಬರುವ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ಪ್ರಕಟಿಸಿದುದು ಅದೇ ವರ್ಷದಲ್ಲಿ. ಗಜಗ, ಗುಣನಂದಿ, ಅಸಗ ಮೊದಲಾದವರ ಕನ್ನಡ ಕಾವ್ಯಗಳು ಇಂದಿಗೂ ದೊರೆತಿಲ್ಲ. ಹೀಗಾಗಿ ಕಿಟ್ಟೆಲರ ಆವೃತ್ತಿಯನ್ನು ಹಿಡಿದ ೧೮೭೨ರ ವಾಚಕನಿಗೆ ಕೇಶಿರಾಜನ ಉದಾಹರಣೆಗಳೆಂಬ ಬಿಡಿಬಿಡಿ ಸಾಲುಗಳೇ ಹಳಗನ್ನಡ ಕಾವ್ಯಲೋಕದೊಳಕ್ಕೆ ತೆರೆದ ಕಿಟಕಿ. ಕಾವ್ಯ ಮೊದಲು, ವ್ಯಾಕರಣ ಆಮೇಲೆ ಎಂಬುದು ಲೋಕದ ಕ್ರಮ. ಮುದ್ರಣದ ಇತಿಹಾಸದಲ್ಲಿ ಹಳಗನ್ನಡ ಇದಕ್ಕೆ ವಿಪರ್ಯಾಸವಾಗಿ ನಡೆಯಿತು: ಲಕ್ಷಣ ಮೊದಲು ಅಚ್ಚಾಯಿತು, ಲಕ್ಷ್ಯ ಕಾಲು ಶತಮಾನ ತಡವಾಗಿ ಬಂದಿತು. ಕಿಟ್ಟೆಲರ ಸಂಪಾದನೆಯ ಗುಣವೂ ಅಪಾಯವೂ ಈ ವಿಪರ್ಯಾಸದಲ್ಲಿಯೇ ಇವೆಯೆಂಬುದು ನಮ್ಮ ಅಭಿಪ್ರಾಯ.

ಹೀಗಾದುದು ಸಂಪಾದಕರ ಹಟದಿಂದ ಅಲ್ಲ. ನೆರೆಯ ತಮಿಳಿನ ಸ್ಥಿತಿಯೊಡನೆ ಹೋಲಿಸಿದರೆ ಇದರ ಕಾರಣ ಹೊಳೆಯುತ್ತದೆ. ಮಹಾಮಹೋಪಾಧ್ಯಾಯ ಉ. ವೇ. ಸ್ವಾಮಿನಾಥ ಅಯ್ಯರ್ ಅವರು ೧೮೮೭ರಲ್ಲಿ ಜೀವಕಚಿಂತಾಮಣಿಯನ್ನು ಪ್ರಕಟಿಸಿದಾಗ ಅವರ ಕೈಯಲ್ಲಿ ನಚ್ಚಿನಾರ್ಕಿನಿಯರ ವ್ಯಾಖ್ಯಾನವಿತ್ತು. ಮೂಲದಲ್ಲಿ ತೊಡಕಾದೆಡೆ ವ್ಯಾಖ್ಯಾನ ದಾರಿ ತೋರುತ್ತಿತ್ತು. ವ್ಯಾಖ್ಯಾನದಲ್ಲಿ ತೊಡಕಾದೆಡೆ ಮೂಲ. ಪಂಪನಿಗಾದರೋ ಅಂತಹ ಪ್ರಾಚೀನ ವ್ಯಾಖ್ಯಾತೃಗಳಿಲ್ಲ. ಹಳಗನ್ನಡಕ್ಕೆ ಉಳಿದಿದ್ದ ಕೀಲಿಕೈ ಕೇಶಿರಾಜನ ಸೂತ್ರ, ವೃತ್ತಿಗಳು ಮತ್ತು ಅವುಗಳ ಮೇಲೆ ಬೆಳೆದ ವ್ಯಾಖ್ಯಾನಗಳು. ಕಿಟ್ಟೆಲರು ನಿಷ್ಠೂರಸಂಜಯ್ಯನ ವ್ಯಾಖ್ಯಾನಸಹಿತವಾಗಿ ಗ್ರಂಥವನ್ನು ಪ್ರಕಟಿಸಿದುದು ಈ ಕೀಲಿಕೈಯ ಬೆಲೆಯನ್ನು ತಿಳಿದೇ. ಬಾಗಿಲನ್ನು ತೆರೆಯಬೇಕಾದವನು ಮೊದಲು ಕೀಲಿಕೈಯನ್ನು ಹುಡುಕುವುದು ಸಹಜವಷ್ಟೆ.

೪

ಈ ಕೀಲಿಕೈಯಿಂದಾದ ಲಾಭವನ್ನು ಒಂದೇ ಅಕ್ಷರದ ನಿದರ್ಶನದಿಂದ ತೋರಿಸಬಹುದು. ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಕೇಶಿರಾಜನ ಕಾಲಕ್ಕೆ ಅದರ ಉಚ್ಚಾರಣೆ ಜನರ ನಾಲಗೆಯಿಂದ ಜಾರತೊಡಗಿತ್ತು. ಆದುದರಿಂದಲೇ ಅವನು ರಳ, ಕುಳ, ಕ್ಷಳಗಳೆಂದು ವಿಭಾಗಮಾಡಿ, ೞಕಾರವಿರುವ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ರಳವೆಂದರೆ ೞ, ಕುಳವೆಂದರೆ ಕನ್ನಡದ ಸಹಜವಾದ ಳ, ಕ್ಷಳವೆಂದರೆ ಸಂಸ್ಕೃತದ ಲಕಾರದಿಂದ ಬಂದ ಳ. ಜನರು ತಪ್ಪದೆ ನುಡಿಯುತ್ತಿದ್ದರೆ ಪಟ್ಟಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಅನಂತರದ ಲಿಪಿಕಾರರು ೞ ಇದ್ದೆಡೆಯಲ್ಲಿ ಳ ಎಂದೂ ಱ ಇದ್ದೆಡೆಯಲ್ಲಿ ರ ಎಂದೂ ಬರೆದರು. ಇದರಿಂದ ಅರ್ಥಕ್ಕೇ ಕೇಡಾಗುತ್ತದೆ. ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಬದುಕು. ‘ಆಳ್’ ಎಂದರೆ ಸೇವಕ, ಭಟ. ‘ಆೞ್’ ಎಂದರೆ ಮುಳುಗು. ಓಲೆಯಲ್ಲಿ ಎರಡನ್ನೂ ಒಂದೇ ರೀತಿ ಬರೆದಿದ್ದರೆ, ಯುದ್ಧವರ್ಣನೆಯ ಪದ್ಯವೊಂದರಲ್ಲಿ ಕವಿ ಕತ್ತಿಯನ್ನು ಹೇಳಿದನೋ ಬದುಕನ್ನು ಹೇಳಿದನೋ ಎಂಬುದನ್ನು ಸಂಪಾದಕ ಹೇಗೆ ಬಲ್ಲ? ಅವನಿಗಿರುವ ನೆರವು ಮೂರು: ಪದ್ಯದ ದ್ವಿತೀಯಾಕ್ಷರ ಪ್ರಾಸ, ಲಾಕ್ಷಣಿಕನ ಪಟ್ಟಿ, ಸೋದರಭಾಷೆಗಳ ಸಾಕ್ಷ್ಯ.

ಮೂರನೆಯ ಸಾಕ್ಷ್ಯ ಚೆನ್ನೈಯಲ್ಲಿರುವ ನಮಗೆ ಪುಸ್ತಕದಿಂದ ಬರಬೇಕಾಗಿಲ್ಲ. ನಮ್ಮ ಹಳಗನ್ನಡ ಕಳೆದುಕೊಂಡ ಅಕ್ಷರ ಇಲ್ಲಿಯ ಬಸ್ಸುಗಳಲ್ಲಿಯೂ ಸಂತೆಗಳಲ್ಲಿಯೂ ದಿನವೂ ಕಿವಿಗೆ ಬೀಳುತ್ತದೆ. ಮೞೆ, ಬಾೞೆ, ಕೋೞಿ, ಏೞು, ಪುೞು ಎಂಬ ಹಳಗನ್ನಡ ರೂಪಗಳ ಪಕ್ಕದಲ್ಲಿ ತಮಿಳಿನ ಮೞೈ, ವಾೞೈ, ಕೋೞಿ, ಏೞು, ಪುೞು ಎಂಬುವನ್ನಿಟ್ಟು ನೋಡಿದರೆ ಕೇಶಿರಾಜನ ಪಟ್ಟಿಯ ಪ್ರಾಮಾಣ್ಯ ತಾನೇ ಸಿದ್ಧವಾಗುತ್ತದೆ. ಶಾಲೆಯಲ್ಲಿ ತಮಿಳನ್ನು ಕಲಿಯುವ ನಮ್ಮ ಮಕ್ಕಳು, ಮೈಸೂರು–ಧಾರವಾಡಗಳ ಮಕ್ಕಳಿಗಿಂತ, ಈ ಒಂದು ವಿಷಯದಲ್ಲಿ ಪಂಪನಿಗೆ ಸಮೀಪದಲ್ಲಿರುವರೆಂದರೂ ತಪ್ಪಾಗದು.

ಕಿಟ್ಟೆಲರು ಮುದ್ರಣದಲ್ಲಿ ಈ ಅಕ್ಷರಗಳನ್ನು ಕಾಪಾಡಿದರು. ಕೋಶದಲ್ಲಿಯೂ ಇವನ್ನು ಹೊಸಗನ್ನಡದ ಳ, ರಗಳಲ್ಲಿ ಕರಗಿಸಿಬಿಡದೆ ಬೇರೆಯಾಗಿಯೇ ಉಳಿಸಿಕೊಂಡು, ತಮಿಳು, ತೆಲುಗು, ಮಲೆಯಾಳ, ತುಳುಗಳ ಸಮಾನರೂಪಗಳನ್ನು ಜೊತೆಗಿಟ್ಟರು. ೧೯೬೧ರಲ್ಲಿ ಮೊದಲು ಪ್ರಕಟವಾದ ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿಕೋಶ ಕನ್ನಡದ ಭಾಗಕ್ಕೆ ಕಿಟ್ಟೆಲರ ಕೋಶವನ್ನೇ ಮುಖ್ಯವಾಗಿ ಆಶ್ರಯಿಸಿತು. ಆ ಆಶ್ರಯ ಸಾಧ್ಯವಾದುದು ಕೋಶಕಾರರು ಮೊದಲು ಶಬ್ದಮಣಿದರ್ಪಣದ ಸಂಪಾದಕರಾಗಿದ್ದುದರಿಂದ.

೫

ಇನ್ನು ಅಪಾಯದ ಮಾತು. ಲಕ್ಷಣಗ್ರಂಥ ಮೊದಲು ಅಚ್ಚಾಗಿ, ಪಂಡಿತರ ಕೈಯಲ್ಲಿ ಒರೆಗಲ್ಲಾಗಿ ನಿಂತ ಮೇಲೆ, ಅನಂತರ ದೊರೆತ ಕಾವ್ಯಗಳನ್ನು ಆ ಒರೆಗಲ್ಲಿಗೆ ಉಜ್ಜಿ ನೋಡುವ ಮನೋಭಾವ ಬೆಳೆಯುವುದು ಸುಲಭ. ಓಲೆಯಲ್ಲಿ ಒಂದು ರೂಪ ಕಾಣುತ್ತದೆ. ಕೇಶಿರಾಜನ ಸೂತ್ರಕ್ಕೆ ಅದು ಹೊಂದುವುದಿಲ್ಲ. ಆದುದರಿಂದ ಲಿಪಿಕಾರನ ತಪ್ಪೆಂದು ತಿದ್ದಿಬಿಡುವುದು. ಆದರೆ ಪಂಪನು ೯೪೧ರಲ್ಲಿ ಬರೆದವನು. ಕೇಶಿರಾಜ ಅವನಿಗೆ ಮುನ್ನೂರಕ್ಕೂ ಹೆಚ್ಚು ವರ್ಷ ಈಚಿನವನು. ಮುಂದೆ ಹುಟ್ಟಿದ ಸೂತ್ರದಿಂದ ಹಿಂದಿನ ಕವಿಯನ್ನು ತಿದ್ದುವುದು, ಮೊಮ್ಮಗನ ಅಳತೆಯ ಅಂಗಿಯನ್ನು ಅಜ್ಜನಿಗೆ ತೊಡಿಸಿದಂತೆ.

ಆರು, ಏಳನೆಯ ಶತಮಾನಗಳ ಶಾಸನಗಳಲ್ಲಿ ಸಪ್ತಮಿಯ ಪ್ರತ್ಯಯ ‘ಉಳ್’ ಎಂದಿದೆ. ಕಾವ್ಯಕಾಲದ ಹಳಗನ್ನಡದಲ್ಲಿ ಅದು ‘ಒಳ್’ ಆಯಿತು. ಹಳೆಯ ಪ್ರತಿಯೊಂದರಲ್ಲಿ ಎಲ್ಲಿಯಾದರೂ ‘ಉಳ್’ ಉಳಿದುಬಂದಿತೆನ್ನೋಣ. ಸೂತ್ರವನ್ನು ಮಾತ್ರ ನಂಬಿದ ಸಂಪಾದಕ ಅದನ್ನು ‘ಒಳ್’ ಎಂದು ತಿದ್ದಿದರೆ, ಪಾಠ ನುಣುಪಾಗುತ್ತದೆ, ಭಾಷೆಯ ಇತಿಹಾಸದ ಒಂದು ಹೆಜ್ಜೆ ಅಳಿಸಿಹೋಗುತ್ತದೆ. ಹಾಗೆ ಅಳಿಸಿದುದು ಯಾರಿಗೂ ತಿಳಿಯದಿರುವುದೇ ಇದರಲ್ಲಿಯ ಕೇಡು.

ಈ ಪ್ರಶ್ನೆ ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಕಿಟ್ಟೆಲರ ಸ್ವದೇಶದಲ್ಲಿ ಮಧ್ಯಯುಗದ ಲ್ಯಾಟಿನ್ ಗ್ರಂಥಗಳನ್ನು ಸಂಪಾದಿಸುತ್ತಿದ್ದ ವಿದ್ವಾಂಸರು ಇದನ್ನೇ ಎದುರಿಸಿದರು. ೧೮೧೯ರಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು ಜರ್ಮನಿಯ ಮಧ್ಯಯುಗದ ಆಕರಗಳನ್ನು ‘ಮಾನ್ಯುಮೆಂಟಾ ಜರ್ಮೇನಿಯೆ ಹಿಸ್ಟಾರಿಕಾ’ ಎಂಬ ಮಹಾಮಾಲೆಯಲ್ಲಿ ಹೊರತರುತ್ತಿತ್ತು. ಅಲ್ಲಿಯ ಓಲೆಗಳಲ್ಲ, ಚರ್ಮಪತ್ರಗಳಲ್ಲಿ, ಸಿಸೆರೋವಿನ ಕಾಲದ ‘ಮಿಹಿ’, ‘ನಿಹಿಲ್’ ಎಂಬ ಶಬ್ದಗಳು ‘ಮಿಕಿ’, ‘ನಿಕಿಲ್’ ಎಂಬಂತಹ ಬರವಣಿಗೆಯಲ್ಲಿ ದೊರೆಯುತ್ತಿದ್ದುವು. ಇವನ್ನು ಪ್ರಾಚೀನ ವ್ಯಾಕರಣಕ್ಕನುಸಾರ ತಿದ್ದಬೇಕೆ, ಕಾಲದ ಗುರುತೆಂದು ಉಳಿಸಬೇಕೆ?

ಮ್ಯೂನಿಕ್ಕಿನ ಲುಡ್ವಿಗ್ ಟ್ರಾಬೆ ಎಂಬ ವಿದ್ವಾಂಸರು ೧೮೯೮ರಲ್ಲಿ ಇದಕ್ಕೆ ಮರೆಯಲಾಗದ ಉತ್ತರವನ್ನು ಕೊಟ್ಟರು. ಆರನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮಗಳು ಎರಡು ಪಾಠಗಳಲ್ಲಿ ದೊರೆಯುತ್ತಿದ್ದುವು. ಒಂದು ವ್ಯಾಕರಣಶುದ್ಧವಾದ ನುಣುಪು ಪಾಠ. ಇನ್ನೊಂದು ಆಡುಮಾತಿನ ಒರಟು ಉಳಿದ ಪಾಠ. ದೊರೆತಿರುವ ಪ್ರತಿಗಳಲ್ಲಿ ಅತಿ ಹಳೆಯದು ಶುದ್ಧಪಾಠವನ್ನೇ ಕೊಡುತ್ತಿತ್ತು. ಆದರೂ ಟ್ರಾಬೆಯವರು ಪ್ರತಿಗಳ ವಂಶಪರಂಪರೆಯನ್ನು ಶೋಧಿಸಿ, ಶುದ್ಧಪಾಠ ಅನಂತರದವರ ತಿದ್ದುಪಡಿಯೆಂದೂ, ಒಂಬತ್ತನೆಯ ಶತಮಾನದ ಪ್ರತಿಯಲ್ಲಿ ಉಳಿದುಬಂದ ‘ಅಶುದ್ಧ’ ಪಾಠವೇ ಮೂಲಕ್ಕೆ ಹತ್ತಿರವಾದುದೆಂದೂ ತೋರಿಸಿಕೊಟ್ಟರು. ೧೯೦೨ರಲ್ಲಿ ಮಧ್ಯಯುಗದ ಲ್ಯಾಟಿನ್ನಿಗೆಂದೇ ಏರ್ಪಟ್ಟ ಪ್ರಾಧ್ಯಾಪಕ ಪೀಠ ಅವರದಾಯಿತು; ೧೯೦೭ರಲ್ಲಿ ಅವರು ತೀರಿಕೊಂಡರು. ಪಂಪಭಾರತವೂ ಕವಿರಾಜಮಾರ್ಗವೂ ನಮ್ಮಲ್ಲಿ ಅಚ್ಚಾದ ವರ್ಷವೇ ಈ ಶೋಧನೆ ಅಲ್ಲಿ ಪ್ರಕಟವಾಯಿತೆಂಬುದು ಕಾಕತಾಳೀಯ; ಆದರೆ ಅದರ ಪಾಠ ನಮಗೂ ಅನ್ವಯಿಸುತ್ತದೆ. ಶುದ್ಧವಾಗಿದೆಯೆಂಬ ಮಾತ್ರಕ್ಕೆ ಮೂಲವಲ್ಲ. ಹಳೆಯ ಪ್ರತಿಯಲ್ಲಿದೆಯೆಂಬ ಮಾತ್ರಕ್ಕೂ ಮೂಲವಲ್ಲ.

ಕಿಟ್ಟೆಲರು ಟ್ರಾಬೆಯವರ ಪರಂಪರೆಯಲ್ಲಿ ತರಬೇತಾದವರಲ್ಲ. ಅವರು ಕಲಿತುದು ಧರ್ಮಪ್ರಚಾರಕರ ವಿದ್ಯಾಲಯದಲ್ಲಿ. ಪ್ರತಿಗಳ ವಂಶವೃಕ್ಷವನ್ನು ಬಿಡಿಸಿ ಪಾಠವನ್ನು ನಿರ್ಣಯಿಸುವ ಕ್ರಮವನ್ನು ಅವರಲ್ಲಿ ಹುಡುಕುವುದು ನ್ಯಾಯವಲ್ಲ. ಆದರೆ ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ಕೇಶಿರಾಜನನ್ನು ಅವರು ನ್ಯಾಯಾಧೀಶನ ಪೀಠದಲ್ಲಿ ಕೂರಿಸಲಿಲ್ಲ. ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿದರು. ೧೯೦೩ರ ಅವರ ವ್ಯಾಕರಣವೇ ಇದಕ್ಕೆ ಪ್ರಮಾಣ. ಆ ಗ್ರಂಥ ಶಬ್ದಮಣಿದರ್ಪಣವನ್ನು ತಳಹದಿಯಾಗಿ ಇಟ್ಟುಕೊಂಡುದಾದರೂ, ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂಬ ಮೂರು ಅವಸ್ಥೆಗಳನ್ನೂ ಒಳಗೊಂಡಿದೆ. ಕೇಶಿರಾಜನಿಗೆ ಕನ್ನಡವೆಂದರೆ ಸರಿ–ತಪ್ಪುಗಳ ವ್ಯವಸ್ಥೆ. ಕಿಟ್ಟೆಲರಿಗೆ ಅದು ಕಾಲದಲ್ಲಿ ಹರಿದುಬಂದ ಹೊಳೆ. ಸೂತ್ರವನ್ನು ಶಾಸನವೆಂದು ಭಾವಿಸಿದ ಸಂಪ್ರದಾಯವೇನಾದರೂ ನಮ್ಮಲ್ಲಿ ಬೆಳೆದಿದ್ದರೆ ಅದರ ಹೊಣೆ ಕಿಟ್ಟೆಲರಿಗಿಂತ ಅವರನ್ನು ಅರ್ಧ ಓದಿದವರ ಮೇಲೆಯೇ ಹೆಚ್ಚು.

೬

ಛಂದೋಂಬುಧಿಯ ಸಂಪಾದನೆಯನ್ನು ಕುರಿತು ಸಂಕ್ಷೇಪವಾಗಿ ಹೇಳಬಹುದು. ಸುಮಾರು ೯೯೦ರ ಈ ಗ್ರಂಥದಲ್ಲಿ ಸಂಸ್ಕೃತದಿಂದ ಬಂದ ವೃತ್ತಗಳ ಜೊತೆಗೆ ತ್ರಿಪದಿ, ಅಕ್ಕರ, ಗೀತಿಕೆ, ಏಳೆ, ಷಟ್ಪದಿ ಮೊದಲಾದ ಕನ್ನಡದ ಜಾತಿಗಳ ಲಕ್ಷಣವಿದೆ. ಬ್ರಹ್ಮ, ವಿಷ್ಣು, ರುದ್ರ ಎಂಬ ಅಂಶಗಣಗಳಿಂದ ನಡೆಯುವ ಈ ಬಂಧಗಳು ಸಂಸ್ಕೃತದ ಅಕ್ಷರಗಣ, ಮಾತ್ರಾಗಣಗಳ ಲೆಕ್ಕಕ್ಕೆ ಸಿಕ್ಕುವುವಲ್ಲ. ತೆಲುಗಿನ ಸೂರ್ಯ, ಇಂದ್ರ, ಚಂದ್ರಗಣಗಳಿಗೆ ಬಂಧುಗಳು. ಪಂಡಿತರು ದೇಸಿಯೆಂದು ಕಡೆಗಣಿಸುತ್ತಿದ್ದ ಕಾಲದಲ್ಲಿ ಈ ಭಾಗವನ್ನು ಅಚ್ಚಿನಲ್ಲಿ ಲೋಕದ ಮುಂದಿಟ್ಟುದು ಉಪಕಾರ. ಆದರೆ ಛಂದೋಗ್ರಂಥವೆಂಬುದು ಬಳಕೆಯ ಗ್ರಂಥ. ಹೊಸ ಬಂಧಗಳು ರೂಢಿಗೆ ಬಂದಂತೆಲ್ಲ ಓದುವವರೂ ಬರೆಯುವವರೂ ಅವುಗಳ ಲಕ್ಷಣವನ್ನು ಸೇರಿಸುತ್ತ ಹೋಗುತ್ತಾರೆ. ನಾಗವರ್ಮನ ಕಾಲಕ್ಕೆ ಅಂಶಗಣದ ಒಂದೇ ಷಟ್ಪದಿ. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕಗಳೆಂಬ ಆರು ಮಾತ್ರಾಷಟ್ಪದಿಗಳು ಅನಂತರದ ಬೆಳವಣಿಗೆ. ಇವನ್ನು ಹೇಳುವ ಪದ್ಯಗಳು ನಾಗವರ್ಮನವಲ್ಲ, ಹಸ್ತಪ್ರತಿಗಳಲ್ಲಿ ಬಂದು ಸೇರಿದುವೆಂದು ಈಚಿನ ವಿದ್ವಾಂಸರು ನಿರ್ಣಯಿಸಿರುವರು. ಇಲ್ಲಿ ಬೇಕಾದುದು ತಿದ್ದುವ ಕೈಯಲ್ಲ, ಪದರಪದರವಾಗಿ ಬಿಡಿಸುವ ಕೈ.

ಈ ಆವೃತ್ತಿಗೆ ಕಿಟ್ಟೆಲರು ಬರೆದ ಕನ್ನಡ ಸಾಹಿತ್ಯವನ್ನು ಕುರಿತ ಪ್ರಬಂಧ ಚಾರಿತ್ರಿಕವಾಗಿ ಮುಖ್ಯವಾದುದು. ಅದರ ಕಾಲನಿರ್ಣಯಗಳನ್ನು ಇಂದು ಯಾರೂ ಆಧಾರವಾಗಿ ಹಿಡಿಯಬಾರದು. ಪಂಪಭಾರತ, ಕವಿರಾಜಮಾರ್ಗಗಳಾವುವೂ ಆಗ ಅಚ್ಚಾಗಿರಲಿಲ್ಲ, ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಬರಲು ೧೯೦೭ರ ವರೆಗೆ ಕಾಯಬೇಕಾಯಿತು. ಕವಿಗಳನ್ನು ಮತಾನುಸಾರವಾಗಿ ವಿಂಗಡಿಸಿ ನೋಡುವ ಅಭ್ಯಾಸವನ್ನೂ ಆ ಪ್ರಬಂಧದಲ್ಲಿ ಕಾಣುತ್ತೇವೆ. ಮತವಿಚಾರದಲ್ಲಿಯೇ ಬೆಳೆದ ಬುದ್ಧಿಗೆ ಅದು ಸಹಜವಾಗಿದ್ದಿರಬಹುದು. ಆದರೆ ಆ ಅಚ್ಚಿನಿಂದ ಬಿಡಿಸಿಕೊಳ್ಳಲು ನಮ್ಮ ಸಾಹಿತ್ಯಚರಿತ್ರೆಕಾರರಿಗೆ ಬಹುಕಾಲ ಹಿಡಿಯಿತು.

೭

ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಂದು ನಮೂದಿಗೂ ವೌಚರು ಇರಬೇಕೆಂಬುದು ಬ್ಯಾಂಕಿನ ಕಚೇರಿಗಳಲ್ಲಿ ಎಲ್ಲರೂ ಬಲ್ಲ ನಿಯಮ. ಕಿಟ್ಟೆಲರ ಕೋಶದ ವೈಶಿಷ್ಟ್ಯವೂ ಇದೇ. ಶಬ್ದದ ಪಕ್ಕದಲ್ಲಿ ಅದು ಎಲ್ಲಿ ದೊರೆತುದೆಂಬುದರ ಸೂಚನೆಯನ್ನು ಅವರು ಕೊಡುತ್ತ ಹೋಗುತ್ತಾರೆ: ಶಬ್ದಮಣಿದರ್ಪಣ, ಛಂದೋಂಬುಧಿ, ಜೈಮಿನಿಭಾರತ, ಬಸವಪುರಾಣ, ಗಾದೆಗಳು, ಜನರ ಆಡುಮಾತು. ಈ ಪಟ್ಟಿಯನ್ನು ಗಮನಿಸಿದರೆ ಕೋಶದ ಹಳಗನ್ನಡ ಭಾಗ ಬಹುಮಟ್ಟಿಗೆ ಅವರೇ ಸಂಪಾದಿಸಿದ ಶಾಸ್ತ್ರಗ್ರಂಥಗಳ ಮೇಲೂ, ನಡುಗನ್ನಡ ಭಾಗ ಬಹುಮಟ್ಟಿಗೆ ಮೋಗ್ಲಿಂಗರ ಮಾಲೆಯಲ್ಲಿ ಅಚ್ಚಾಗಿದ್ದ ಕಾವ್ಯಗಳ ಮೇಲೂ ನಿಂತಿರುವುದು ತಿಳಿಯುತ್ತದೆ. ಆ ಕೋಶ ಸಿದ್ಧವಾಗುವ ಕಾಲಕ್ಕೆ ಪಂಪಭಾರತ ಅಚ್ಚಾಗಿರಲಿಲ್ಲ, ವಚನಗಳನ್ನು ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವೆಂದು ಹೊರತಂದುದು ೧೯೨೩ರಲ್ಲಿ, ವಡ್ಡಾರಾಧನೆ ಡಿ. ಎಲ್. ನರಸಿಂಹಾಚಾರ್ಯರಿಂದ ಪ್ರಕಟವಾದುದು ೧೯೪೯ರಲ್ಲಿ. ಕೋಶದ ಕೊರತೆಗಳೆಂದು ನಾವು ಎಣಿಸುವುವು ಕೋಶಕಾರರ ಕೊರತೆಗಳಲ್ಲ; ಆ ಕಾಲದ ಗ್ರಂಥಸಂಪಾದನೆಯ ಎಲ್ಲೆಗಳು. ಸಂಪಾದನೆ ಎಲ್ಲಿ ನಿಲ್ಲುವುದೋ ಕೋಶವೂ ಅಲ್ಲಿಯೇ ನಿಲ್ಲುತ್ತದೆ.

ಈ ಕಾರ್ಯ ಮುಂದುವರಿದ ಕಥೆಯಲ್ಲಿ ಮದರಾಸಿನ ಪಾಲು ಸಣ್ಣದಲ್ಲ. ಕಿಟ್ಟೆಲರ ಶಬ್ದಮಣಿದರ್ಪಣವನ್ನು ಪಂಜೆ ಮಂಗೇಶರಾಯರು ಪರಿಷ್ಕರಿಸಿ ೧೯೨೦ರಲ್ಲಿ ಮಂಗಳೂರಿನಿಂದ ಮತ್ತೆ ಹೊರತಂದರು. ಮದರಾಸು ವಿಶ್ವವಿದ್ಯಾಲಯದಲ್ಲಿ ಎ. ವೆಂಕಟರಾಯರೂ ಪಂಡಿತ ಎಚ್. ಶೇಷ ಅಯ್ಯಂಗಾರ್ಯರೂ ೧೯೩೦ರಲ್ಲಿ ಕವಿರಾಜಮಾರ್ಗವನ್ನೂ ೧೯೩೯ರಲ್ಲಿ ಶಬ್ದಮಣಿದರ್ಪಣವನ್ನೂ ಸಂಪಾದಿಸಿದರು. ೧೯೫೯ರಲ್ಲಿ ನರಸಿಂಹಾಚಾರ್ಯರ ಆವೃತ್ತಿ ಮೈಸೂರಿನಿಂದ ಬಂದಿತು. ೧೯೬೪ರಲ್ಲಿ ಅವರ ‘ಕನ್ನಡ ಗ್ರಂಥಸಂಪಾದನೆ’ ಈ ಶಾಸ್ತ್ರಕ್ಕೇ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಒದಗಿಸಿತು. ಮದರಾಸು ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದ ಮರಿಯಪ್ಪ ಭಟ್ಟರು ಕಿಟ್ಟೆಲರ ಕೋಶವನ್ನೇ ಪರಿಷ್ಕರಿಸಿ ವಿಸ್ತರಿಸಿ, ೧೯೬೮ರಿಂದ ೧೯೭೧ರ ವರೆಗೆ ನಾಲ್ಕು ಸಂಪುಟಗಳಲ್ಲಿ ಈ ನಗರದಿಂದಲೇ ಪ್ರಕಟಿಸಿದರು. ಮಂಗಳೂರಿನಲ್ಲಿ ಅಚ್ಚಾದ ಜರ್ಮನರ ಕನ್ನಡ ಕೋಶ ತಮಿಳುನಾಡಿನ ರಾಜಧಾನಿಯಲ್ಲಿ ಮರುಹುಟ್ಟು ಪಡೆದುದು ನಮ್ಮಂತಹ ಹೊರನಾಡಿನವರಿಗೆ ಧೈರ್ಯ ಕೊಡುವ ಸಂಗತಿ. ಗ್ರಂಥಸಂಪಾದನೆಗೆ ಬೇಕಾದುದು ತಾಯ್ನೆಲದ ಗಡಿಯೊಳಗಿನ ವಾಸವಲ್ಲ. ಓಲೆ, ತಾಳ್ಮೆ ಮತ್ತು ಸಂಶಯ.

ಆದರೆ ಭಟ್ಟರ ಪರಿಷ್ಕರಣದ ಗುರಿ ಮುಖ್ಯವಾಗಿ ವಿಸ್ತರಣೆ. ಕಿಟ್ಟೆಲರ ಅನಂತರ ಬೆಳಕಿಗೆ ಬಂದ ಶಬ್ದಸಂಪತ್ತನ್ನು ಸೇರಿಸುವುದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ೧೯೭೦ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಲ್ಲಿ, ಶಾಸನಗಳನ್ನೂ ಕಾವ್ಯಗಳನ್ನೂ ಹೊಸದಾಗಿ ಶೋಧಿಸಿ ಸಿದ್ಧವಾಯಿತು. ಇವೆರಡರ ನಡುವೆ ಒಂದು ಕಾರ್ಯ ಉಳಿದಿದೆಯೆಂದು ನಮಗೆ ತೋರುತ್ತದೆ. ಕಿಟ್ಟೆಲರ ಕೋಶದಲ್ಲಿ ಶಬ್ದಮಣಿದರ್ಪಣವೊಂದೇ ಆಧಾರವಾಗಿರುವ ಶಬ್ದಗಳೆಷ್ಟು, ಆ ಶಬ್ದಗಳು ೧೯೨೦, ೧೯೩೯, ೧೯೫೯ರ ಆವೃತ್ತಿಗಳಲ್ಲಿ ಹೇಗೆ ನಿಂತಿವೆ, ಪಂಪ, ರನ್ನ, ವಡ್ಡಾರಾಧನೆ, ಶಾಸನಗಳಲ್ಲಿ ಅವಕ್ಕೆ ಸ್ವತಂತ್ರ ಪ್ರಯೋಗ ಉಂಟೋ ಇಲ್ಲವೋ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿ ಪಟ್ಟಿಮಾಡಬೇಕು. ಪ್ರಯೋಗ ದೊರೆತಲ್ಲಿ ಕೇಶಿರಾಜನ ಮಾತು ದೃಢವಾಗುತ್ತದೆ. ದೊರೆಯದೆಡೆ ಎರಡು ಸಾಧ್ಯತೆಗಳು: ಕಳೆದುಹೋದ ಅಸಗ, ಗಜಗರ ಕಾವ್ಯಗಳ ತುಣುಕು ಅಲ್ಲಿ ಉಳಿದಿದೆ, ಇಲ್ಲವೇ ಲಿಪಿಕಾರನ ತಪ್ಪೊಂದು ಕೋಶದ ಮೂಲಕ ಶಬ್ದದ ವೇಷ ತೊಟ್ಟು ನಿಂತಿದೆ. ಮೊದಲನೆಯದು ನಿಧಿ, ಎರಡನೆಯದು ಸುಳ್ಳು ನಾಣ್ಯ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟುಕೊಂಡು ಸಂಪತ್ತೆಂದು ಎಣಿಸುವುದು ವಿದ್ವತ್ತಿಗೆ ಒಪ್ಪುವ ಮಾತಲ್ಲ.

ಇದು ಒಬ್ಬರಿಂದ ಆಗುವ ಕೆಲಸವಲ್ಲ. ಹತ್ತು ಮಂದಿ ಪ್ರಕರಣಗಳನ್ನು ಹಂಚಿಕೊಂಡರೆ ಆಗದ ಕೆಲಸವೂ ಅಲ್ಲ. ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಮೆಕೆಂಜಿಯ ಸಂಗ್ರಹದಿಂದ ಬಂದುವೂ ಸೇರಿ ಕನ್ನಡ ಹಸ್ತಪ್ರತಿಗಳಿವೆ. ವಿಶ್ವವಿದ್ಯಾಲಯದ ಕನ್ನಡ ಮಾಲೆಯ ಗ್ರಂಥಗಳು ಇಲ್ಲಿಯೇ ಅಚ್ಚಾದುವು. ೞಕಾರವನ್ನು ಕೇಳಿ ಗುರುತಿಸುವ ಕಿವಿ ನಮ್ಮ ನೆರೆಹೊರೆಯವರ ಕೃಪೆಯಿಂದ ನಮಗಿದೆ. ಕಿಟ್ಟೆಲರ ಪ್ರತಿಮೆಗೆ ಹಾರ ಹಾಕುವುದು ಸುಲಭ. ಅವರು ಕೊಟ್ಟ ಪ್ರತಿಯೊಂದು ವೌಚರನ್ನೂ ತೆರೆದು ನೋಡುವುದು ಕಷ್ಟ. ಆಧಾರವನ್ನು ತೋರದೆ ಶಬ್ದವನ್ನು ಮುಂದಿಡಲೊಲ್ಲದಿದ್ದ ಆ ಸಂಪಾದಕರಿಗೆ ಸಲ್ಲುವ ಗೌರವ ಅದೇ.